ಓದಿ ಹೇಳುವ ಪ್ಯಾಕೇಜು

2009ರ ಫೆಬ್ರವರಿ ತಿಂಗಳ ಒಂದು ಸೋಮವಾರ ಮಧ್ಯಾಹ್ನ ಬಿಳಿಕೆರೆಯ ಮನೆಯೊಂದರಲ್ಲಿ ಕಂಪ್ಯೂಟರು ಮಾತು ನಿಲ್ಲಿಸಿತು. ಅಂದು ಹುಣಸೂರಿನಿಂದ ನಾನು ಪತ್ರಿಕೆಗೆ ಕಳುಹಿಸಿದ ಸುದ್ದಿಗಳಲ್ಲಿ ಇದು ಇರಲಿಲ್ಲ. ತಂಬಾಕು ಹರಾಜಿನಲ್ಲಿ ದರ ಇಳಿದದ್ದು ಇತ್ತು, ಎಚ್.ಡಿ. ಕೋಟೆ ರಸ್ತೆಗೆ ಆನೆ ಬಂದು ನಿಂತದ್ದು ಇತ್ತು, ಪಿರಿಯಾಪಟ್ಟಣದಲ್ಲಿ ಬಸ್ಸಿಗಾಗಿ ವಿದ್ಯಾರ್ಥಿಗಳು ರಸ್ತೆ ತಡೆದದ್ದೂ ಇತ್ತು. ಕಂಪ್ಯೂಟರು ಮಾತು ನಿಲ್ಲಿಸಿದ್ದಕ್ಕೆ ಯಾವ ಪತ್ರಿಕೆಯಲ್ಲೂ ಜಾಗವಿರುವುದಿಲ್ಲ. ಮನುಷ್ಯರು ಮಾತು ನಿಲ್ಲಿಸಿದರೂ ಸಿಗುವುದು ನಿಧನವಾರ್ತೆಯ ನಾಲ್ಕು ಸಾಲು, ಅದೂ ಫೋಟೊ ಸಕಾಲಕ್ಕೆ ಬಂದರೆ. ಹಾಗಾಗಿ ಅಂದು ಬರೆಯದೆ ಉಳಿದದ್ದನ್ನು, ವರದಿಗಾರನಿಗೆ ಅಷ್ಟೇನೂ ಒಗ್ಗದ ಪ್ರಬಂಧದ ಅಂಗಿ ತೊಟ್ಟು, ಇಲ್ಲಿ ದಾಖಲಿಸುತ್ತಿದ್ದೇನೆ.

ಕಂಪ್ಯೂಟರು ನಂಜುಂಡಸ್ವಾಮಿಯವರದು. ನಮಗೆಲ್ಲ ಅವರು ನಂಜುಂಡಣ್ಣ. ಅಚ್ಚುಮೊಳೆಗಳನ್ನು ಒಂದೊಂದಾಗಿ ಕೈಯಲ್ಲಿ ಜೋಡಿಸುತ್ತಿದ್ದ ಕಾಲದಿಂದ ಮೈಸೂರಿನ ಪ್ರೆಸ್ಸೊಂದರಲ್ಲಿ ಪ್ರೂಫ್ ನೋಡುತ್ತಿದ್ದವರು. ಪ್ರೆಸ್ಸು ಮುಚ್ಚಿದ ಮೇಲೆ ಹುಟ್ಟೂರಾದ ಬಿಳಿಕೆರೆಗೆ ಮರಳಿ, ಹುಣಸೂರಿನ ಒಂದು ವಾರಪತ್ರಿಕೆಗೆ ಮನೆಯಿಂದಲೇ ಅದೇ ಕೆಲಸ ಮಾಡುತ್ತಿದ್ದರು. ಪುಟಗಳ ಕವರು ಬಸ್ಸಿನ ಕಂಡಕ್ಟರ ಕೈಯಲ್ಲಿ ಬರುತ್ತಿತ್ತು. ಅವರ ಹೆಂಡತಿ ಜಯಮ್ಮ ಹೆದ್ದಾರಿ ಪಕ್ಕದಲ್ಲಿ ನಿಂತು ಅದನ್ನು ಇಸಿದುಕೊಳ್ಳುತ್ತಿದ್ದರು. ಸಂಜೆ ಎದುರಿನಿಂದ ಬರುವ ಬಸ್ಸಿಗೆ ತಿದ್ದಿದ ಪುಟಗಳನ್ನು ಕೊಟ್ಟು ಕಳುಹಿಸುತ್ತಿದ್ದರು. ವಾರವಾರವೂ ತಾಲ್ಲೂಕಿನ ಓದುಗರು ತಪ್ಪಿಲ್ಲದ ಪತ್ರಿಕೆಯನ್ನು ಓದುತ್ತಿದ್ದರು. ತಪ್ಪಿಲ್ಲ ಎಂಬುದನ್ನು ಯಾರೂ ಗಮನಿಸುತ್ತಿರಲಿಲ್ಲ. ಈ ವೃತ್ತಿಯ ಯಶಸ್ಸೆಂದರೆ ಅಷ್ಟೇ.

ಆಮೇಲೆ ಅವರ ಕಣ್ಣು ಹೋಗತೊಡಗಿತು. ಮೊದಲು ಪಕ್ಕದ ನೋಟ, ಬಳಿಕ ಸಾಲಿನ ಕೊನೆಯ ಪದ, ಕೊನೆಗೆ ಇಡೀ ಸಾಲು. ಕಣ್ಣಿನೊಳಗಿನ ಒತ್ತಡದಿಂದ ನರ ಒಣಗಿದೆ, ಹೋದದ್ದು ಮರಳುವುದಿಲ್ಲ ಎಂದು ಮೈಸೂರಿನ ವೈದ್ಯರು ಹೇಳಿದರು. ಆ ಮಾತನ್ನು ಅವರು ನನ್ನ ಮುಂದೆ, ಬೇರೆಯವರ ಮನೆಯ ಸುದ್ದಿಯೆಂಬಂತೆ ಹೇಳಿಕೊಂಡರು. "ಕಣ್ಣು ಓಯ್ತು ಬುಡಿ, ಅದ್ಕೇನ್ ಮಾಡದು. ಕೆಲ್ಸಾನೂ ಓದ್ರೆ ದಿನಾ ಬೆಳಗೆದ್ದು ಗ್ವಾಡೆಗೆ ಮಕ ಕೊಟ್ಕಂಡು ಕೂತಿರಾದು ಎಂಗೆ, ಅದ ಯೋಳಿ."

ಇದಕ್ಕೊಂದು ದಾರಿ ಅವರ ಹಳೆಯ ಕಸುಬಿನೊಳಗೇ ಇತ್ತು. ಮೊಳೆಯ ಕಾಲದಲ್ಲಿ ಪ್ರೂಫನ್ನು ಇಬ್ಬರು ನೋಡುತ್ತಿದ್ದರು. ಒಬ್ಬ ಗಟ್ಟಿಯಾಗಿ ಓದಬೇಕು, ಇನ್ನೊಬ್ಬ ಕೇಳುತ್ತ ತಿದ್ದಬೇಕು. ಒಂದು ಸಾಲು ಸರಿಯಾಗಿ ಮುಗಿಯಿತೆಂದರೆ ಕೇಳುವವನು ಪೆನ್ಸಿಲಿನ ತುದಿಯಿಂದ ಮೇಜನ್ನು ಒಮ್ಮೆ ಕುಟ್ಟುತ್ತಿದ್ದ. ಕುಟ್ಟಿದ ಸದ್ದು ಕೇಳಿದ ಮೇಲೆಯೇ ಓದುವವನು ಮುಂದಿನ ಸಾಲಿಗೆ ಹೋಗುತ್ತಿದ್ದ. ದಿನವಿಡೀ ಆ ಕೋಣೆಯಲ್ಲಿ ಓದು, ಕುಟ್ಟು, ಓದು, ಕುಟ್ಟು. ನಂಜುಂಡಣ್ಣ ಊಟಕ್ಕೆ ಕೂತಾಗಲೂ ಜಯಮ್ಮನ ಒಂದೊಂದು ವಾಕ್ಯಕ್ಕೆ ತಟ್ಟೆಯ ಅಂಚನ್ನು ಬೆರಳಿನಿಂದ ತಟ್ಟುತ್ತಿದ್ದುದನ್ನು ನಾನೇ ನೋಡಿದ್ದೇನೆ. ಗಟ್ಟಿಯಾಗಿ ಓದುವವರೊಬ್ಬರು ಸಿಕ್ಕರೆ ಕಿವಿಯಿಂದಲೇ ಪ್ರೂಫ್ ನೋಡಬಹುದಾಗಿತ್ತು.

ಓದುವವನನ್ನು ಹುಡುಕಿಕೊಟ್ಟವನು ಅನ್ವರ್. ಹುಣಸೂರು ಬಸ್ ನಿಲ್ದಾಣದ ಬಳಿ ಸೈಬರ್ ಕೆಫೆ ನಡೆಸುತ್ತಿದ್ದ. ನನ್ನ ಸುದ್ದಿಗಳು ಲೋಕ ಸೇರುತ್ತಿದ್ದುದು ಅವನ ಅಂಗಡಿಯ ಮೂಲಕವೇ. ಬೇರೆಯವರು ಬೇಡವೆಂದು ಬಿಟ್ಟ ಹಳೆಯ ಯಂತ್ರವೊಂದಕ್ಕೆ ಅವನು ಕಂಪ್ಯೂಟರನ್ನು ನಡೆಸುವ ಲಿನಕ್ಸ್ ಎಂಬ ಪುಕ್ಕಟೆ ತಂತ್ರಾಂಶದ ಅತ್ಯಂತ ಬಡಕಲು ರೂಪವೊಂದನ್ನು ಹಾಕಿದ. ಚಿತ್ರವಿಲ್ಲ, ಕಿಟಕಿಯಿಲ್ಲ, ಬಾಣದ ಗುರುತಿಲ್ಲ. ಕಪ್ಪು ತೆರೆ, ಅದರ ಮೇಲೆ ನಾವು ಟೈಪು ಮಾಡುವ ಆಜ್ಞೆ, ಅದಕ್ಕೆ ಅದು ಕೊಡುವ ಉತ್ತರ. ಕಣ್ಣಿದ್ದವರಿಗೆ ಇದು ತಪಸ್ಸಿನಂತೆ ಕಂಡರೂ ಕಣ್ಣಿಲ್ಲದವರಿಗೆ ಸಮತಟ್ಟಾದ ನೆಲ. ಎಲ್ಲವೂ ಅಕ್ಷರವಾಗಿರುವ ಕಡೆ ಎಲ್ಲವನ್ನೂ ಓದಿ ಹೇಳಿಸಬಹುದು. ಓದಿ ಹೇಳುವುದಕ್ಕೂ ಒಂದು ಪ್ಯಾಕೇಜು, ಅಂದರೆ ಬೇಕೆಂದಾಗ ಜೋಡಿಸಿಕೊಳ್ಳುವ ತಂತ್ರಾಂಶದ ಕಟ್ಟು, ಇತ್ತು. ಅದಕ್ಕೆ ಕನ್ನಡದ ಧ್ವನಿಯನ್ನು ಯಾರೋ ಪುಣ್ಯಾತ್ಮರು ಕೂಲಿಯಿಲ್ಲದೆ ಸಿದ್ಧಪಡಿಸಿ ಇಟ್ಟಿದ್ದರು.

ಈ ಪ್ಯಾಕೇಜುಗಳ ವ್ಯವಹಾರವನ್ನು ಸ್ವಲ್ಪ ಹೇಳಬೇಕು. ಇಂಥ ಯಂತ್ರದಲ್ಲಿ ನಾವು ಕೇಳಿದ್ದು ಬಿಟ್ಟು ಬೇರೇನೂ ಇರುವುದಿಲ್ಲ. ಬೇಕಾದಾಗ ಪ್ಯಾಕೇಜ್ ಮ್ಯಾನೇಜರ್ ಎಂಬ ಅಧಿಕಾರಿಗೆ ಒಂದು ಸಾಲಿನ ಅರ್ಜಿ ಹಾಕಬೇಕು. ಅದು ಟೆಲಿಫೋನ್ ತಂತಿಯ ಮೂಲಕ ಎಲ್ಲೋ ಇರುವ ಉಗ್ರಾಣದಿಂದ ಸಾಮಾನು ತರಿಸಿ ಜೋಡಿಸುತ್ತದೆ. ನಮ್ಮ ತಾಲ್ಲೂಕು ಕಚೇರಿಯಲ್ಲಿ ಒಂದು ದೃಢೀಕರಣ ಪತ್ರ ಕೇಳಿದರೆ ಪಡಿತರ ಚೀಟಿ ತನ್ನಿ ಎನ್ನುತ್ತಾರೆ, ಪಡಿತರ ಚೀಟಿಗೆ ಹೋದರೆ ವಾಸದ ಪತ್ರ ತನ್ನಿ ಎನ್ನುತ್ತಾರೆ. ಇಲ್ಲಿಯೂ ಹಾಗೆಯೇ, ಒಂದು ಪ್ಯಾಕೇಜಿಗೆ ಇನ್ನೊಂದು ಬೇಕು, ಅದಕ್ಕೆ ಮತ್ತೊಂದು. ವ್ಯತ್ಯಾಸವೆಂದರೆ ಈ ಅಧಿಕಾರಿ ತಾನೇ ಎದ್ದು ಹೋಗಿ ಎಲ್ಲವನ್ನೂ ತರುತ್ತದೆ. ಏನನ್ನು ತರುತ್ತೇನೆ, ಏನನ್ನು ತೆಗೆದುಹಾಕುತ್ತೇನೆ ಎಂದು ಮೊದಲೇ ಪಟ್ಟಿ ಓದಿ, ಮುಂದುವರಿಯಲೇ ಎಂದು ಕೇಳುತ್ತದೆ. ಸುಮ್ಮನೆ ಎಂಟರ್ ಒತ್ತಿದರೆ ಒಪ್ಪಿಗೆ ಎಂದು ತಿಳಿಯುತ್ತದೆ.

ಆ ಯಂತ್ರಕ್ಕೆ ಅನಾಥ ಪ್ಯಾಕೇಜುಗಳನ್ನು ಹುಡುಕುವ ಆಜ್ಞೆಯೂ ಇತ್ತು. ಯಾರೂ ಅವಲಂಬಿಸದೆ ಸುಮ್ಮನೆ ಜಾಗ ಹಿಡಿದು ಕೂತವುಗಳ ಹೆಸರನ್ನು ಅದು ನಿರ್ದಾಕ್ಷಿಣ್ಯವಾಗಿ ಹೇಳುತ್ತದೆ. ಅನ್ವರ್ ಅದನ್ನು ತೋರಿಸಿದ ದಿನ ನಾನು ರೂಮಿಗೆ ಬರುತ್ತ, ತಾಲ್ಲೂಕು ವರದಿಗಾರನೆಂಬ ಪ್ಯಾಕೇಜನ್ನು ಹುಣಸೂರಿನಿಂದ ತೆಗೆದರೆ ಏನೇನು ಕುಸಿಯಬಹುದು ಎಂದು ಲೆಕ್ಕ ಹಾಕಿದೆ. ಪತ್ರಿಕಾಗೋಷ್ಠಿಗಳಲ್ಲಿ ಒಂದು ಪ್ಲೇಟು ಉಪ್ಪಿಟ್ಟು ಉಳಿಯುತ್ತಿತ್ತು. ಮಿಕ್ಕ ವ್ಯವಸ್ಥೆ ಸುಸ್ಥಿರ.

ಯಂತ್ರ ಬಿಳಿಕೆರೆಗೆ ಬಂದಾಗ ಅದರೊಂದಿಗೆ ಮಾನಿಟರ್ ಬರಲಿಲ್ಲ. "ನಂಜುಂಡಣ್ಣ, ನಿಮ್ಗೆ ಟಿವಿ ಯಾಕೆ, ಅದ್ನ ನನ್ ಅಂಗ್ಡೀಲಿ ಇಟ್ಕತೀನಿ," ಎಂದು ಅನ್ವರ್ ಹೇಳಿದ್ದು ಎಲ್ಲರಿಗೂ ನ್ಯಾಯವಾಗಿಯೇ ಕಂಡಿತು. ಕೀಬೋರ್ಡು, ಡಬ್ಬ, ಎರಡು ಸ್ಪೀಕರು, ಮನೆಯ ಟೆಲಿಫೋನಿಗೆ ಸಿಕ್ಕಿಸುವ ಒಂದು ತಂತಿ. ಬಸ್ಸಿನಲ್ಲಿ ಕಾಗದದ ಪುಟಗಳ ಬದಲು ಪೆನ್‌ಡ್ರೈವ್ ಬರತೊಡಗಿತು. ಯಂತ್ರ ಒಂದು ಸಾಲು ಓದುತ್ತಿತ್ತು. ಸರಿಯಿದ್ದರೆ ನಂಜುಂಡಣ್ಣ ಎಂಟರ್ ಕೀಲಿಯನ್ನು ಕುಟ್ಟುತ್ತಿದ್ದರು, ಅದು ಮುಂದಿನ ಸಾಲಿಗೆ ಹೋಗುತ್ತಿತ್ತು. ತಪ್ಪಿದ್ದರೆ ಅಲ್ಲೇ ನಿಲ್ಲಿಸಿ ಟೈಪು ಮಾಡಿ ತಿದ್ದುತ್ತಿದ್ದರು. ಈ ಕುಟ್ಟುವ ಏರ್ಪಾಡನ್ನು ಅನ್ವರ್ ಅವರ ಕೋರಿಕೆಯಂತೆಯೇ ಮಾಡಿಕೊಟ್ಟಿದ್ದ.

ಮನುಷ್ಯ ಓದುವಾಗ ಕಾಗದದ ಮೇಲಿನ ತಪ್ಪನ್ನು ನಾಲಿಗೆಯಲ್ಲಿ ಸರಿಮಾಡಿಬಿಡುತ್ತಾನೆ. ಯಂತ್ರಕ್ಕೆ ಆ ದಾಕ್ಷಿಣ್ಯವಿಲ್ಲ, ತಪ್ಪನ್ನು ತಪ್ಪಾಗಿಯೇ ಓದುತ್ತಿತ್ತು. ಮೇಲಾಗಿ ಅದು ಹಕಾರವನ್ನು ಸ್ಪಷ್ಟವಾಗಿ ಉಚ್ಚರಿಸುತ್ತಿತ್ತು. ಹಳ್ಳಿಯನ್ನು ಅಳ್ಳಿ ಎನ್ನದ ನಿವಾಸಿ ಆ ಬೀದಿಗೆ ಅದೇ ಮೊದಲು. ಅದರ ಮೂಗುದನಿಯನ್ನು ಕೇಳಿದ ಜಯಮ್ಮ ಗಂಡನ ತಮ್ಮನೆಂದೇ ಅದನ್ನು ಕರೆದರು. "ನಮ್ಮ ಮೈದ ಓದಿರೋನು ಕಣಣ್ಣ," ಎಂದು ನನಗೆ ಕಾಫಿ ಕೊಡುತ್ತ ಹೇಳಿದರು. "ಸಂಬ್ಳ ಇಲ್ಲ, ಮದ್ವೆ ಮಾಡು ಅನ್ನಾಕಿಲ್ಲ, ಊಟಕ್ಕೆ ಕರುದ್ರೆ ಬರಾಕಿಲ್ಲ. ಇವ್ರ ಕಡೆಯೋರಲ್ಲೆಲ್ಲ ಇವ್ನೇ ವಾಸಿ." ನಂಜುಂಡಣ್ಣ ನಕ್ಕು ಕೀಲಿ ಕುಟ್ಟಿದರು. ವರ್ಷದ ಮೇಲೆ ಹೀಗೆ ನಡೆಯಿತು.

ಆ ಸೋಮವಾರ ಅವರು ಯಂತ್ರವನ್ನು ಹೊಸ ಆವೃತ್ತಿಗೆ ಏರಿಸಲು ಆಜ್ಞೆ ಕೊಟ್ಟರು. ಅನ್ವರನೇ ಕಲಿಸಿದ್ದು, ಹಿಂದೆಯೂ ಮಾಡಿದ್ದರು. ಪ್ಯಾಕೇಜ್ ಮ್ಯಾನೇಜರ್ ತನ್ನ ಉದ್ದನೆಯ ಪಟ್ಟಿಯನ್ನು ಹೇಳತೊಡಗಿತು. ಅದನ್ನು ಮೈದ ಓದತೊಡಗಿದ. ಅರ್ಥವಿರದ ಇಂಗ್ಲಿಷ್ ಹೆಸರುಗಳು, ಲಿಬ್ ಅದು, ಲಿಬ್ ಇದು. ಬರುವವುಗಳ ಹೆಸರಾಯಿತು, ತೆಗೆದುಹಾಕುವವುಗಳ ಹೆಸರೂ ಆಯಿತು. ತೆಗೆಯುವವುಗಳ ನಡುವೆ ಓದಿ ಹೇಳುವ ಪ್ಯಾಕೇಜಿನ ಹೆಸರೂ ಇತ್ತು. ಧ್ವನಿಗೆ ಆಧಾರವಾಗಿದ್ದ ಹಳೆಯ ಭಾಗವೊಂದನ್ನು ಉಗ್ರಾಣ ಕೈಬಿಟ್ಟಿತ್ತು, ಕನ್ನಡದ ಧ್ವನಿಯನ್ನು ನೋಡಿಕೊಳ್ಳುತ್ತಿದ್ದವರೂ ಯಾವಾಗಲೋ ಬಿಟ್ಟುಹೋಗಿದ್ದರು. ಮೈದ ತನ್ನ ಹೆಸರನ್ನು ಇತರ ಹೆಸರುಗಳ ದನಿಯಲ್ಲೇ ಓದಿದ. ನಂಜುಂಡಣ್ಣ ಅದನ್ನು ಕೇಳಿಸಿಕೊಂಡಿದ್ದರು. ಪ್ರೂಫ್ ನೋಡುವವರು ಅಕ್ಷರವನ್ನು ನೋಡುತ್ತಾರೆ, ಅರ್ಥದ ಬೆನ್ನು ಹತ್ತಿದರೆ ಅಕ್ಷರ ತಪ್ಪಿಹೋಗುತ್ತದೆ. ಜೀವಮಾನವಿಡೀ ಅವರು ಪಳಗಿದ್ದು ಇದರಲ್ಲಿ. ಹೆಸರುಗಳಲ್ಲಿ ತಪ್ಪಿರಲಿಲ್ಲ. ಸಾಲು ಮುಗಿಯಿತು. ಕೈ ತಾನಾಗಿ ಕೀಲಿಯನ್ನು ಕುಟ್ಟಿತು.

ಮುಂದಿನದು ಜಯಮ್ಮ ಹೇಳಿದ್ದು. ಟೆಲಿಫೋನ್ ತಂತಿಯಲ್ಲಿ ಸಾಮಾನು ಬರುವಷ್ಟು ಹೊತ್ತು ಮೈದ ಅಲ್ಲಲ್ಲಿ ಒಂದೊಂದು ಪದ ಹೇಳುತ್ತಿದ್ದ. ಊಟದ ಹೊತ್ತಿಗೆ, ಒಂದು ಪದದ ಅರ್ಧದಲ್ಲಿ ದನಿ ನಿಂತಿತು.

"ಕರೆಂಟ್ ಓಯ್ತಾ?" ಎಂದು ನಂಜುಂಡಣ್ಣ ಕೇಳಿದರು.

"ಇಲ್ಲ ಕಣ್ರೀ, ಪ್ಯಾನು ತಿರುಗ್ತಾ ಅದೆ."

ಸ್ಪೀಕರಿನ ತಂತಿ ಬಿಗಿ ಮಾಡಿದರು. ಕೀಲಿಗಳನ್ನು ಒಂದೊಂದಾಗಿ, ಬಳಿಕ ಗುಂಪಾಗಿ ಒತ್ತಿದರು. ಡಬ್ಬದ ದೀಪ ಉರಿಯುತ್ತಿತ್ತೆಂದು ಜಯಮ್ಮ ಮತ್ತೆ ಮತ್ತೆ ಹೇಳಿದರು. ಆಮೇಲೆ ನನಗೆ ಫೋನು ಮಾಡಿದರು. "ಅಣ್ಣ, ಮೈದ ಮುನುಸ್ಕಬುಟ್ಟ. ಇವ್ರು ಕುರ್ಚಿ ಬುಟ್ಟು ಏಳ್ತಾನೇ ಇಲ್ಲ, ಊಟಾನೂ ಬ್ಯಾಡ ಅಂತರೆ. ಆ ಅನ್ವರಪ್ಪನ್ನ ಕರ್ಕಂಡ್ ಬನ್ನಿ."

ನಾನೂ ಅನ್ವರನೂ ಕೆಫೆಯ ಮಾನಿಟರನ್ನು ಆಟೊದಲ್ಲಿ ಇಟ್ಟುಕೊಂಡು ಹೋದೆವು. ಜೋಡಿಸಿದ ಮೇಲೆ ಕಪ್ಪು ತೆರೆಯ ಮೇಲೆ ನಡೆದದ್ದೆಲ್ಲ ಅಚ್ಚುಕಟ್ಟಾಗಿ ಕಂಡಿತು: ಏನು ಬಂತು, ಏನು ಹೋಯಿತು. ಯಾವ ದೋಷವೂ ವರದಿಯಾಗಿರಲಿಲ್ಲ. ನಾನು ಓದಿದ ವರದಿಗಳಲ್ಲಿ ಅಷ್ಟು ನಿಷ್ಪಕ್ಷಪಾತವಾದದ್ದು ಇನ್ನೊಂದಿಲ್ಲ. ಅನ್ವರ್ ಹಿಂದಿನ ಸಾಲುಗಳಿಗೆ ಹೋಗಿ ಮುಂದುವರಿಯಲೇ ಎಂಬ ಪ್ರಶ್ನೆಯನ್ನೂ ಅದರ ಎದುರು ಬಂದಿದ್ದ ಬರಿಯ ಎಂಟರನ್ನೂ ನೋಡಿದ.

"ಏನದೆ ಓದೋ," ಎಂದರು ನಂಜುಂಡಣ್ಣ.

ಅನ್ವರ್ ಓದಿದ. ತೆಗೆದುಹಾಕಿದ ಹೆಸರುಗಳು ಬಂದಾಗ ಅವರ ಬೆರಳು ಮೇಜಿನ ಮೇಲೆ ಎದ್ದು ಅಲ್ಲೇ ನಿಂತಿತು.

"ಅದು ಆಗ್ಲೇ ಕೇಳುಸ್ತು ಕಣಪ್ಪ ನಂಗೆ," ಎಂದರು. "ಅವ್ನೇ ಯೋಳ್ದ."

ಹಳೆಯ ಪ್ಯಾಕೇಜು ಉಗ್ರಾಣದಲ್ಲಿ ಇರಲಿಲ್ಲ. ಯಂತ್ರದೊಳಗೆ ಉಳಿಯಬೇಕಿದ್ದ ಪ್ರತಿಯನ್ನು, ಡಿಸ್ಕು ಚಿಕ್ಕದೆಂದು ಹಿಂದಿನ ತಿಂಗಳೇ ಅಳಿಸಿಯಾಗಿತ್ತು. ಹೊಸದಾಗಿ ಸಿಕ್ಕ ಓದುವ ಪ್ಯಾಕೇಜಿಗೆ ಇಂಗ್ಲಿಷ್ ಬರುತ್ತಿತ್ತು, ಕನ್ನಡ ಬರುತ್ತಿರಲಿಲ್ಲ. ಅನ್ವರ್ ವಾರಗಟ್ಟಲೆ ಹುಡುಕಿದ, ಗುರುತಿಲ್ಲದ ಜನರಿಗೆ ಇಂಗ್ಲಿಷಿನಲ್ಲಿ ಬರೆದು ಕೇಳಿದ. ಒಬ್ಬರು ಉತ್ತರಿಸಿದರು: ಅದನ್ನು ನೋಡಿಕೊಳ್ಳುವವರು ಬೇಕಾಗಿದ್ದಾರೆ, ನೀವು ಒಪ್ಪುತ್ತೀರಾ ಎಂದು.

ಮೈದನ ಜಾಗದಲ್ಲಿ ಜಯಮ್ಮ ಕೂತರು. ಮಾಧ್ಯಮಿಕ ಶಾಲೆಯವರೆಗೆ ಓದಿದ್ದವರು. ಪುಟಗಳನ್ನು ಮತ್ತೆ ಕಾಗದದ ಮೇಲೆ ತರಿಸಿ ಗಟ್ಟಿಯಾಗಿ ಓದಿದರು, ಗಂಡ ಹೇಳಿದ ಕಡೆ ತಾವೇ ತಿದ್ದಿದರು. ಅಳ್ಳಿ ಎಂದು ಓದಿದಾಗ ಕಾಗದದ ಮೇಲೆ ಇರುವುದು ಹಕಾರವೋ ಅಕಾರವೋ ಎಂದು ನಂಜುಂಡಣ್ಣ ಕೇಳಬೇಕಾಗುತ್ತಿತ್ತು. "ಅಳ್ಳಿ ಅಂದ್ರೆ ಅಳ್ಳೀನೇ, ಇನ್ನೇನ್ ಪಟ್ಣಾನಾ?" ಎಂದು ಜಯಮ್ಮ ರೇಗುತ್ತಿದ್ದರು. ಅದಕ್ಕಿಂತ ಕಷ್ಟವಾದದ್ದು ಇನ್ನೊಂದು. ಅರ್ಥ ತಿಳಿದು ಓದುತ್ತಿದ್ದುದರಿಂದ ಅಚ್ಚಿನ ತಪ್ಪುಗಳು ಅವರ ಬಾಯಲ್ಲಿ ಸರಿಯಾಗಿಬಿಡುತ್ತಿದ್ದವು. ನಂಜುಂಡಣ್ಣ ಕೇಳುತ್ತಿದ್ದುದು ತಪ್ಪಿಲ್ಲದ ಪತ್ರಿಕೆ, ಅಚ್ಚಾಗುತ್ತಿದ್ದುದು ಬೇರೆ. ಇಬ್ಬರ ನಡುವಿನ ಅಷ್ಟು ವರ್ಷಗಳ ಸಲಿಗೆಯೇ ಆ ಕೆಲಸಕ್ಕೆ ಅಡ್ಡಿಯಾಗಿತ್ತು. ತಮ್ಮ ಮಾತನ್ನು ಒಂದಿಷ್ಟೂ ಒಪ್ಪ ಮಾಡದೆ ಇದ್ದದ್ದನ್ನು ಇದ್ದಂತೆ ಹೇಳುವವರು ಮನುಷ್ಯರಿಗೆ ಅಪರೂಪಕ್ಕೆ ಸಿಗುತ್ತಾರೆ. ಸಿಕ್ಕಾಗ ಕೇಳುವವರ ಗಮನ ಇನ್ನೆಲ್ಲೋ ಇರುತ್ತದೆ. ಇದನ್ನು ನಾನು ಪತ್ರಿಕಾ ವೃತ್ತಿಯ ಬಗ್ಗೆ ಹೇಳುತ್ತಿದ್ದೇನೆಂದು ತಿಳಿದರೂ ಅಡ್ಡಿಯಿಲ್ಲ.

ವಾರಪತ್ರಿಕೆಯ ಸಂಪಾದಕರು ಸಜ್ಜನರು. ಮೊದಲು ಒಂದು ಪುಟ ಕಡಿಮೆ ಕಳುಹಿಸಿದರು, ಆಮೇಲೆ ಇನ್ನೊಂದು. ಮಳೆಗಾಲದ ಹೊತ್ತಿಗೆ ಕವರು ಬರುವುದು ನಿಂತಿತು. ಹೇಳಿಕಳುಹಿಸುವುದು ಅವರಿಂದಾಗಲಿಲ್ಲ, ಕೇಳುವುದು ಇವರಿಂದಾಗಲಿಲ್ಲ. ಆ ದಿನಗಳಲ್ಲಿ ನಾನು ಹೋದಾಗ ನಂಜುಂಡಣ್ಣ ಜಗುಲಿಯಲ್ಲಿ ಹೆದ್ದಾರಿಯ ಕಡೆಗೆ ಮುಖ ಮಾಡಿ ಕೂತಿರುತ್ತಿದ್ದರು. ಹುಣಸೂರಿನ ಕಡೆಯಿಂದ ಬರುವ ಬಸ್ಸುಗಳ ಸದ್ದು ಅವರಿಗೆ ಬೇರೆಯಾಗಿ ಗೊತ್ತಾಗುತ್ತಿತ್ತು.

ಆ ವರ್ಷದ ಡಿಸೆಂಬರಿನಲ್ಲಿ ಕನ್ನಡದ ಧ್ವನಿಯ ಪ್ಯಾಕೇಜು, ಬೇರೆ ಯಾರದೋ ಉಸ್ತುವಾರಿಯಲ್ಲಿ, ಉಗ್ರಾಣಕ್ಕೆ ಮರಳಿತು. ಅನ್ವರ್ ಮರುದಿನವೇ ಬಿಳಿಕೆರೆಗೆ ಹೋಗಿ ಅದನ್ನು ಹಾಕಿಕೊಟ್ಟ. ಯಂತ್ರ ಈಗ ಓದುತ್ತದೆ. ಆದರೆ ವಾರಪತ್ರಿಕೆಯ ಪುಟಗಳು ಬಿಳಿಕೆರೆಗೆ ಬರದೆ, ಮೈಸೂರಿನಲ್ಲಿ ಸಿದ್ಧವಾಗಿ ನೇರವಾಗಿ ಅಚ್ಚಿಗೆ ಹೋಗುತ್ತವೆ. ಅಲ್ಲಿ ಪ್ರೂಫ್ ನೋಡುವ ಪದ್ಧತಿ ಇಲ್ಲ.