ಸಿಮೆಂಟು ಮೆತ್ತಿದ ಬಾವಿ

ಆ ದಿನ ಚಾಚಾ ಬಾವಿಯ ಮೆಟ್ಟಿಲ ಮೇಲೆ ನಿಂತು ಕೂಗಾಡಿದರೋ, ಮೆಲ್ಲಗೆ ಹೇಳಿದರೋ ನನಗೆ ಖಾತ್ರಿಯಿಲ್ಲ. ನನ್ನ ನೆನಪಿನಲ್ಲಿ ಅವರು ಕೂಗಾಡುತ್ತಾರೆ. ಅಕ್ಕನ ಪ್ರಕಾರ ಕೈಮುಗಿದು ನಿಂತಿದ್ದರು. ಸಾಕ್ಷಿಯಿಲ್ಲದ ಮಾತು ನಂಬಬಾರದೆಂದು ಧಾರವಾಡದಲ್ಲಿ ಎಂ.ಎ. ಓದುವಾಗ ಕಲಿತೆ. ನನ್ನ ತಲೆಯೇ ಸುಳ್ಳುಸಾಕ್ಷಿ ನುಡಿದರೆ ಯಾರನ್ನು ಕೇಳುವುದು?

ಲಕ್ಷ್ಮೇಶ್ವರದಲ್ಲಿ ನಮ್ಮ ಮನೆಯ ಹಿಂದೆ ಕಲ್ಲು ಕಟ್ಟಿದ ಹಳೆಯ ಮೆಟ್ಟಿಲುಬಾವಿಯಿದೆ. ಪಕ್ಕದ ತೋಟದ ಚಾಚಾ ಅದರ ನೀರಿನಿಂದಲೇ ಸೇವಂತಿಗೆ ಬೆಳೆದು ಗದಗಿನ ಮಾರುಕಟ್ಟೆಗೆ ಕಳಿಸುತ್ತಿದ್ದರು. ಸಿನಿಮಾ ನಾಯಕನೊಬ್ಬನಿಗೆ ಇಂಥ ಬಾವಿಗಳ ಹುಚ್ಚು. ನಟನೆ ಬಿಟ್ಟರೆ ಅದೇ ಅವನ ಜೀವ. ಊರೂರು ತಿರುಗಿ ತನ್ನದೇ ಖರ್ಚಿನಲ್ಲಿ ಅವನ್ನು ರಿಪೇರಿ ಮಾಡಿಸುತ್ತಿದ್ದ. ಅವನು ಢೋಂಗಿಯಾಗಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಬಾವಿಗಳ ಮೇಲೆ ಅವನಿಗೆ ಖರೆಯಾದ ಪ್ರೀತಿಯಿತ್ತು. ಆದರೆ ಎಂದಾದರೂ ಒಂದು ಕೊಡ ನೀರು ಸೇದಿದವನಂತೆ ಕಾಣಲಿಲ್ಲ.

ಅವನ ಜನ ನಮ್ಮ ಬಾವಿಗೂ ಬಂದು ಪಂಪು ಹಚ್ಚಿ ನೀರು ತೆಗೆದರು, ಹೂಳು ಎತ್ತಿದರು. ಅಲ್ಲಿಗೇ ನಿಲ್ಲಿಸಿದ್ದರೆ ನಾನೂ ಕೈಮುಗಿಯುತ್ತಿದ್ದೆ. ನಿಲ್ಲಿಸಲಿಲ್ಲ. ತಳಕ್ಕೆ ಕಾಂಕ್ರೀಟು ಸುರಿದು, ಗೋಡೆಯ ಕಲ್ಲುಗಳ ಸಂದಿಗೆಲ್ಲ ಸಿಮೆಂಟು ಮೆತ್ತತೊಡಗಿದರು.

"ಸಂದಿ ಮುಚ್ಚಬ್ಯಾಡ್ರೀ ಸಾಹೇಬ್ರ. ನೀರು ಅಲ್ಲಿಂದನ ಬರತಾವು" ಎಂದರು ಚಾಚಾ.

"ನೀವು ಹೂ ಬೆಳೀರಿ ಚಾಚಾ, ಬಾವಿ ನಮಗ ಬಿಡ್ರಿ" ಎಂದ ಮೇಸ್ತ್ರಿ.

ಅಭಿಮಾನಿ ಸಂಘದವನೊಬ್ಬ ಹಲ್ಲು ಕಿಸಿದ. "ನಿಮ್ಮ ಅಜ್ಜಾರು ಕಲ್ಲಾಗ ನಳ ಕೂಡ್ರಿಸ್ಯಾರೇನ್ರಿ?"

ಚಾಚಾ ನನ್ನ ಕಡೆ ತಿರುಗಿದರು. "ತಮ್ಮಾ, ನೀ ಕಲಿತಾಂವ. ನೀನರ ಹೇಳು."

"ಇಂಜಿನಿಯರು ನೋಡೇ ಮಾಡಸ್ತಿರ್ತಾರ ಬಿಡ್ರಿ ಚಾಚಾ" ಎಂದೆ. ಈ ಮಾತು ಮಾತ್ರ ನನಗೆ ಚೆನ್ನಾಗಿ ನೆನಪಿದೆ. ಕಂಡದ್ದನ್ನೆಲ್ಲ ಅನುಮಾನಿಸುವ ನಾನು ಅಂದು ಸಿಮೆಂಟಿನ ಬುಟ್ಟಿಯನ್ನು ಅನುಮಾನಿಸಲಿಲ್ಲ.

ನಾಯಕ ಬರುವ ಹಿಂದಿನ ದಿನ ಟ್ಯಾಂಕರುಗಳಿಂದ ಬಾವಿ ತುಂಬಿಸಿದರು. ಅವನು ಕೊನೆಯ ಮೆಟ್ಟಿಲ ಮೇಲೆ ಕೂತು, ಆ ಟ್ಯಾಂಕರಿನ ನೀರನ್ನು ಬೊಗಸೆಯಲ್ಲಿ ಎತ್ತಿ, ಕಣ್ಣಿಗೆ ಒತ್ತಿಕೊಂಡ. ಜನ ಶಿಳ್ಳೆ ಹೊಡೆದರು. ನಾಚಿಕೆಗೇಡು, ನಾನೂ ಫೋಟೋ ತೆಗೆದೆ.

ಸಂಕ್ರಾಂತಿ ದಾಟುವಷ್ಟರಲ್ಲಿ ತಳದ ಕಾಂಕ್ರೀಟು ಕಂಡಿತು. ಮೊಗ್ಗು ಹಿಡಿದ ಸೇವಂತಿಗೆ ನಿಂತಲ್ಲೇ ಕರಕಾಯಿತು. ಚಾಚಾ ಗಿಡಗಳನ್ನು ಕಿತ್ತು ಬದುವಿನ ಮೇಲೆ ಎಸೆಯುತ್ತಿದ್ದರು. "ಅವರು ಬಾವಿ ತೊಳದಿಲ್ಲ ತಮ್ಮಾ, ಅದರ ಗಂಟಲಾ ಹೊಲದಾರ."

ಸಂಘದವರ ಬಳಿ ಉತ್ತರ ತಯಾರಿತ್ತು. "ಮಳಿನ ಆಗಿಲ್ಲ, ಅಣ್ಣಾರು ಏನ್ ಮಾಡ್ಯಾರು?" ಊರಿನಲ್ಲಿ ಹಲವರು ತಲೆಯಾಡಿಸಿದರು. ಮಳೆ ಕಡಿಮೆಯಾದದ್ದು ನನಗೂ ನೆನಪಾಗತೊಡಗಿತು. ಅವರು ಹೇಳಿ ಹೇಳಿ ನೆನಪಾಯಿತೋ ಏನೋ. ಇಷ್ಟು ಸಲೀಸಾಗಿ ಬಗ್ಗುವ ತಲೆಯ ಮೇಲೆಯೇ ನನಗೆ ಸಿಟ್ಟು ಬಂತು.

ಮರುದಿನ ಮುಂಜಾನೆ ತೋಟದ ಬೇಲಿಯಾಚೆಯ ಹೊಲಕ್ಕೆ ಹೋದೆ. ಅಲ್ಲಿಯ ಬಾವಿಯೂ ಅದೇ ಕಲ್ಲಿನದು, ಅಷ್ಟೇ ಹಳೆಯದು, ಅದೇ ಮಳೆ ಕಂಡದ್ದು. ಅದನ್ನು ಯಾರೂ ಉದ್ಧಾರ ಮಾಡಿರಲಿಲ್ಲ. ಹೊಲದ ಯಜಮಾನರನ್ನು ಕೇಳಿ ಹಗ್ಗಕ್ಕೆ ಕಲ್ಲು ಕಟ್ಟಿ ತಳ ಮುಟ್ಟುವ ತನಕ ಇಳಿಬಿಟ್ಟು ಮೇಲೆಳೆದೆ. ಹಗ್ಗ ಮೂರು ಮಾರು ಒದ್ದೆಯಾಗಿತ್ತು.