ರಿಟ್ರೆಂಚ್‌ಮೆಂಟ್ ಅಂದ್ರೇನ್ರಿ ಸರ?

ನಾನು ಒಬ್ಬ ಮನುಷ್ಯನ ಬಾಳು ಕೆಡಿಸಿದ್ದೇನೆ. ಲಂಚ ತಿಂದಲ್ಲ, ಚಾಡಿ ಹೇಳಿಯೂ ಅಲ್ಲ. ಇಂಗ್ಲಿಷ್ ಓದಿ.

ಗಾದಿಲಿಂಗಪ್ಪ ನಮ್ಮ ಓಣಿಯವ. ಹುಟ್ಟೂರು ಸಿರಿಗೇರಿ. ಇಲ್ಲೇ ಬಳ್ಳಾರಿಯ ಒಂದು ಹತ್ತಿ ಮಿಲ್ಲಿನಲ್ಲಿ ಹನ್ನೊಂದು ವರ್ಷದಿಂದ ಪರ್ಮನೆಂಟ್. ಹೋದ ಬೇಸಿಗೆಯಲ್ಲಿ ಒಂದು ಸಂಜೆ, ಟೈಪ್ ಮಾಡಿದ ಕಾಗದ ಹಿಡಿದು ಬಂದ. ಹೈಸ್ಕೂಲ್ ಮೇಷ್ಟ್ರಲ್ಲವೇ ನಾನು? ಓಣಿಯ ಇಂಗ್ಲಿಷೆಲ್ಲ ನಮ್ಮ ಮನೆಗೇ ಬರುತ್ತದೆ. (ನಾನು ಪಾಠ ಮಾಡೋದು ಚರಿತ್ರೆ. ಅದನ್ನು ಯಾರು ಕೇಳುತ್ತಾರೆ?)

"ಏನ್ ಬರ್ದಾರ ನೋಡ್ರಿ ಸರ. ರಿಟ್ರೆಂಚ್‌ಮೆಂಟ್ ಅಂತ ಕ್ಲರ್ಕ್ ಅಂದ. ಹಂಗಂದ್ರೇನ್ರಿ?"

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನಬಹುದಿತ್ತು. ಆದರೆ ಅವನ ಹೆಂಡತಿ ಈರಮ್ಮ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ಪೇಪರಿನಲ್ಲಿ 'ಲೇ-ಆಫ್' ಅಂತ ಓದಿದ ನೆನಪಿತ್ತು. ಅದನ್ನೇ ತಗುಲಿಸಿದೆ.

"ಲೇ-ಆಫ್ ಇದ್ದಂಗ ಐತಪ. ಹತ್ತಿ ಬಂದ ಮ್ಯಾಲೆ ಕರೀತಾರ."

"ಹಂಗಾದ್ರ ನೌಕರಿ ಐತಿ?"

"ಐತಿ."

ಇಬ್ಬರೂ ನಿಶ್ಚಿಂತೆಯಾಗಿ ಊರಿಗೆ ಹೋದರು. ಅದೇ ತಿಂಗಳು ಸಿರುಗುಪ್ಪದ ಒಂದು ಅಕ್ಕಿ ಗಿರಣಿಯವರು ಹೇಳಿ ಕಳಿಸಿದರಂತೆ: ಮಷೀನು ಬಲ್ಲವನು ಬೇಕು, ಪರ್ಮನೆಂಟ್ ಮಾಡಿಕೊಳ್ಳುತ್ತೇವೆ, ಬಾ. ಇವನು ಒಲ್ಲೆ ಅಂದ. "ಬಳ್ಳಾರಿಯಾಗ ನಂದು ನೌಕರಿ ಐತ್ರಿ. ಮೇಷ್ಟ್ರು ಓದಿ ಹೇಳ್ಯಾರ."

ಚಳಿಗಾಲಕ್ಕೆ ಹತ್ತಿ ಬಂತು. ಕರೆ ಬರಲಿಲ್ಲ. ಮಿಲ್ಲಿನ ಗೇಟಿನಲ್ಲಿ ವಾಚ್‌ಮನ್ ಒಳಗೇ ಬಿಡಲಿಲ್ಲ. ಮತ್ತೆ ನನ್ನ ಹತ್ತಿರ ಬಂದ. ಇಬ್ಬರೂ ಲೇಬರ್ ಕೇಸು ನಡೆಸುವ ವಕೀಲರೊಬ್ಬರ ಬಳಿ ಹೋದೆವು.

ಅವರು ಒಂದೇ ನಿಮಿಷದಲ್ಲಿ ಬಿಡಿಸಿ ಹೇಳಿದರು. ಲೇ-ಆಫ್ ಅಂದರೆ ಕೆಲಸ ನಿಂತಿದೆ, ನೌಕರಿ ಇದೆ. ರಿಟ್ರೆಂಚ್‌ಮೆಂಟ್ ಅಂದರೆ ಆಳು ಹೆಚ್ಚಾಯಿತೆಂದು ತೆಗೆದುಹಾಕಿದ್ದು. ನೌಕರಿಯೇ ಇಲ್ಲ. "ಕಾಗದ ಬಂದ ಕೂಡ್ಲೇ ಯಾಕ ಬರ್ಲಿಲ್ರಿ?" ಅಂದರು. ಗಾದಿಲಿಂಗಪ್ಪ ನನ್ನ ಹೆಸರೆತ್ತದೆ ಕಾಗದ ಮಡಿಚಿ ಜೇಬಿಗಿಟ್ಟುಕೊಂಡ. ನಾನು ನೆಲ ನೋಡಿದೆ.

ಅಷ್ಟರಲ್ಲಿ ಸಿರುಗುಪ್ಪದ ಜಾಗವೂ ಇನ್ನೊಬ್ಬನಿಗೆ ಹೋಗಿತ್ತು. ಈಗ ಅವನು ಕುರುಗೋಡಿನ ಕಡೆ ಕಲ್ಲು ಒಡೆಯುತ್ತಾನೆ. ದಿನಗೂಲಿ. (ಈ ಪದದ ಅರ್ಥ ಮಾತ್ರ ಯಾರೂ ನನ್ನನ್ನು ಕೇಳುವುದಿಲ್ಲ.)

ಹನ್ನೊಂದು ವರ್ಷ ಕನ್ನಡದಲ್ಲಿ, ತೆಲುಗಿನಲ್ಲಿ ಕೂಗಿ ದುಡಿಸಿಕೊಂಡರಲ್ಲ, ತೆಗೆದುಹಾಕುವಾಗ ಮಾತ್ರ ಇಂಗ್ಲಿಷ್ ಯಾಕೆ ಬೇಕಾಯಿತು? ಕೇಳಬೇಕು ಅನಿಸುತ್ತದೆ. ಕೇಳಲು ನಾನ್ಯಾರು?

ಹೋದ ವಾರ ಬಸ್‌ಸ್ಟ್ಯಾಂಡಿನಲ್ಲಿ ಈರಮ್ಮ ಸಿಕ್ಕಳು. "ತಪ್ಪಾತವ್ವ" ಅಂತ ಶುರು ಮಾಡಿದೆ. ಅವಳು ಮುಗಿಸಲು ಬಿಡಲಿಲ್ಲ.

"ನಿಮ್ದೇನ್ ತಪ್ಪೈತ್ರಿ ಸರ? ನೀವು ಬರೋಬರಿ ಓದಿದ್ರಂತ. ಆಮ್ಯಾಲೆ ಮಿಲ್ಲಿನವ್ರೇ ಮಾತು ತಪ್ಪಿದ್ರಂತ. ನಮ್ಮವ್ರು ಹೇಳ್ಯಾರ."

ನನ್ನ ಮಾನ ಉಳಿಸಿದ ಆ ಮನುಷ್ಯ ಇವತ್ತು ಯಾವ ಬಿಸಿಲಿನಲ್ಲಿ ಕೂತು ಕಲ್ಲು ಒಡೆಯುತ್ತಿದ್ದಾನೋ!