ಉಡಿಯಲ್ಲಿ ಉಳಿದ ಬೀಜ

ಮಲಪ್ರಭಾ ಹೊಳೆ ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು ತಿಳಿಯಲು ಹೊಳೆಮಣ್ಣೂರಿನ ನಾವು ಮೊಬೈಲ್ ನೋಡುವುದಿಲ್ಲ. ನೀರಿನ ಅಂಚಿಗೆ ಒಂದು ಬೇವಿನ ಕಡ್ಡಿ ನೆಡುತ್ತೇವೆ. ಕಡ್ಡಿ ಮುಳುಗಿದರೆ ಗಂಟುಮೂಟೆ ಕಟ್ಟಬೇಕು, ಇಲ್ಲದಿದ್ದರೆ ಚಹಾ ಕುಡಿಯಬಹುದು. ಅಪ್ಪ ಹೋದ ಮೇಲೆ ನಮ್ಮ ಮನೆಯ ಕಡ್ಡಿ ನನ್ನ ಪಾಲಿಗೆ ಬಂತು.

ಆ ವರ್ಷ ಶ್ರಾವಣದಲ್ಲಿ ಆಣೆಕಟ್ಟಿನಿಂದ ನೀರು ಬಿಟ್ಟಾಗ ನಮ್ಮ ಮನೆಯಲ್ಲಿ ಜೋಪಾನ ಮಾಡಬೇಕಾದದ್ದು ಒಂದೇ ಇತ್ತು: ಅವ್ವ ಬಿತ್ತನೆಗೆ ಇಟ್ಟ ಬಿಳಿಜೋಳ. ಕಪ್ಪು ಮಣ್ಣಿನ ನಮ್ಮ ಎರಿ ಹೊಲದ ಸ್ವಂತ ತಳಿ, ಅಂಗಡಿಯಲ್ಲಿ ಸಿಗುವಂಥದ್ದಲ್ಲ. ಪ್ರತಿ ಸುಗ್ಗಿಯಲ್ಲೂ ಅವ್ವ ತೆನೆ ಆರಿಸಿ, ಕಾಳಿಗೆ ಬೂದಿ ಬೆರೆಸಿ, ಬುಟ್ಟಿಗೆ ಸಗಣಿ ಮೆತ್ತಿ ಇಡುತ್ತಿದ್ದಳು.

"ಬುಟ್ಟಿ ಚಕ್ಕಡ್ಯಾಗ ಇಡು, ದಿಬ್ಬಕ್ಕ ಒಯ್ಯೋಣು," ಎಂದಳು.

"ಕಡ್ಡಿ ಇನ್ನೂ ಒಣಾ ಐತಿ, ಸುಮ್ನಿರ ಬೇ," ಎಂದೆ. ಆದರೂ ಅವಳ ಸಮಾಧಾನಕ್ಕೆಂದು ಬುಟ್ಟಿಯನ್ನು ಹೊಳೆಯ ಕಡೆಯ ಪಡಸಾಲೆಯಿಂದ ಹಿತ್ತಲ ಕೋಣೆಗೆ ಸಾಗಿಸಿದೆ.

ಹೊಳೆ ತುಂಬಿದರೆ ಊರ ಹಿಂದಿನ ಹಳ್ಳ ಅದಕ್ಕೆ ಸೇರಲಾಗದೆ ಹಿಂದಕ್ಕೆ ತಿರುಗುತ್ತದೆ. ಇದು ನಮ್ಮೂರ ಎಮ್ಮೆಗಳಿಗೂ ಗೊತ್ತು. ನಾನು ಮಾತ್ರ ಕಡ್ಡಿಯ ಮುಂದೆ ಕೂತು ಹರಟೆ ಹೊಡೆಯುತ್ತಿದ್ದೆ. ಕಡ್ಡಿ ಒಣಗಿಯೇ ಇತ್ತು. ಹಿತ್ತಲ ಕೋಣೆಯಲ್ಲಿ ಮೊಣಕಾಲು ನೀರು ನಿಂತಿತ್ತು. ನಾಲ್ಕು ದಿನ ಬಿಟ್ಟು ಬುಟ್ಟಿ ಒಡೆದರೆ ಕಾಳು ಮೊಳೆತು ನಾರುತ್ತಿತ್ತು. ಹಿಂಗಾರಿ ಬಿತ್ತನೆಗೆ ಇನ್ನೊಂದು ತಿಂಗಳೂ ಇರಲಿಲ್ಲ. ಅವ್ವ ಬಯ್ಯಲಿಲ್ಲ. ಬೈದಿದ್ದರೆ ಚಲೋ ಇತ್ತು, ನನಗೆ ಅಷ್ಟು ನಾಚಿಕೆಯಾಗಿತ್ತು.

ಆಗ ನೆನಪಾದವಳು ನರೇಗಲ್ಲಿನ ಚಿಗವ್ವ, ಅವ್ವನ ತಂಗಿ. ಅವಳು ಬಂದುಹೋಗುವಾಗೆಲ್ಲ ಅವ್ವ ಅಕ್ಕಿಯ ಬದಲು ಇದೇ ಬೀಜದ ಜೋಳದಿಂದ ಅವಳ ಉಡಿ ತುಂಬುತ್ತಿದ್ದಳು. ಸೆರಗಿಗೆ ಕಾಳು ಹಾಕುವ ಈ ಶಾಸ್ತ್ರ ಮುತ್ತೈದೆಯರದು; ಅಪ್ಪ ಹೋದ ಮೇಲೆ ಅವ್ವ ಉಡಿ ತುಂಬುವಂತಿರಲಿಲ್ಲ, ತುಂಬಿಸಿಕೊಳ್ಳುವಂತೆಯೂ ಇರಲಿಲ್ಲ. ಕಾಳು ಆರಿಸುವವಳು ಅವ್ವ, ತುಂಬುವವಳು ನನ್ನ ಹೆಂಡತಿ. "ಆ ಒಣಾ ಊರಿಗೆ ಇಂಥಾ ಬೀಜ ಯಾಕ ಹಾಳ ಮಾಡ್ತಿ?" ಎಂದು ನಾನು ಗೊಣಗುತ್ತಿದ್ದೆ.

ಖಾಲಿ ಚೀಲ ಹಿಡಿದು ನರೇಗಲ್ಲಿನ ಬಸ್ಸು ಹತ್ತಿದೆ. ಚಿಗವ್ವ ಆ ಕಾಳನ್ನು ವರ್ಷ ವರ್ಷ ಬಿತ್ತಿ ಉಳಿಸಿಕೊಂಡಿದ್ದಳು.

"ನೀರಿಲ್ಲದ ಊರಿಗೆ ಬಂದೇನಪಾ?" ಎಂದು ನಕ್ಕಳು. ಆಮೇಲೆ ಚೀಲ ನೋಡಿ, "ಇದು ಚೀಲದಾಗ ಬಂದದ್ದಲ್ಲ, ಚೀಲದಾಗ ಹೋಗೂದೂ ಇಲ್ಲ. ನಿಮ್ಮವ್ವನ್ನ ಕರಕೊಂಡ ಬಾ," ಎಂದಳು.

ಮರುವಾರ ಅವ್ವನನ್ನು ಕರೆದೊಯ್ದೆ. ಚಿಗವ್ವ ಮೊರದ ತುಂಬ ಜೋಳ ತಂದು ಅಕ್ಕನ ಎದುರು ಕೂತಳು. ಅವ್ವ ಸೆರಗನ್ನು ಹಿಂದಕ್ಕೆ ಎಳೆದುಕೊಂಡಳು.

"ನನ್ನ ಉಡಿ ಯಾರರ ತುಂಬತಾರೇನ? ಚೀಲಕ್ಕ ಹಾಕು."

"ಬಿತ್ತಾಕ ಬೇಕಲ್ಲ? ಹಿಡಿ."

ಅವ್ವ ನನ್ನ ಕಡೆ ನೋಡಿದಳು. ನಾನು ಏನಾದರೂ ಅಂದೇನೆಂದು ಅಂಜಿದ್ದಳು. ನಾನು ಚೀಲವನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡೆ. ಆಗ ಅವಳು ಸೆರಗು ಒಡ್ಡಿದಳು.

ಒಂದು ಉಡಿ ಕಾಳು ಹೊಲದ ಒಂದು ಮೂಲೆಗೆ ಸಾಕು, ಮುಂದಿನ ವರ್ಷ ಇಡೀ ಹೊಲಕ್ಕೆ ಆಗುತ್ತದೆ. ವಾಪಸು ಬರುವಾಗ ಬಸ್ಸು ಕಿಕ್ಕಿರಿದಿತ್ತು. ಊರು ಮುಟ್ಟುವವರೆಗೂ ಅವ್ವ ಆ ಉಡಿಯನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು. ನನ್ನ ಕೈಗೆ ಕೊಡಲಿಲ್ಲ. ನಾನೂ ಕೇಳಲಿಲ್ಲ.